ಮೊದಲ ಸುತ್ತಿನವನು

ಜೂನ್, ಜುಲೈ ಬೋಟು ಇಳಿಸುವಂತಿಲ್ಲ.
ಬೈತಖೋಲದ ಗಂಡಸರೆಲ್ಲ ಬಲೆ ಹೊಲಿದು ಹೊಲಿದು ಬೇಸತ್ತು
ಇನಾಸ ಮಾಮನ ವಿಡಿಯೋ ಕೋಣೆಗೆ ಬರುತ್ತಿದ್ದರು.
ತಲೆಗೆ ಎರಡು ರೂಪಾಯಿ, ಮಕ್ಕಳಿಗೆ ಎಂಟಾಣೆ,
ಕೂರಲು ಹಳೆಯ ಹಾಯಿಬಟ್ಟೆ.
ಚೀಟಿ ಹರಿಯುವುದು ನನ್ನ ಕೆಲಸ,
ಆಟ ಮುಗಿದ ಮೇಲೆ ಕ್ಯಾಸೆಟ್ಟು ಹಿಂದಕ್ಕೆ ಸುತ್ತುವುದೂ.

ಎಲ್ಲದರ ಕಥೆಯೂ ಒಂದೇ:
ಎಲ್ಲಿಂದಲೋ ಒಂದು ಕಾಗದ ಬರುತ್ತದೆ,
ಹದಿನಾರು ಜನ ದೋಣಿ ಹತ್ತುತ್ತಾರೆ,
ಒಂದು ನಡುಗಡ್ಡೆ, ಒಂದು ಕಟ್ಟೆ, ಒಂದು ಜಾಗಟೆ.
ಹದಿನಾರು ಎಂಟಾಗಿ, ಎಂಟು ನಾಲ್ಕಾಗಿ,
ಕೊನೆಗೆ ಉಳಿಯುವವ ಯಾರೆಂದು
ಹಲ್ಲು ಬಾರದ ಕೂಸಿಗೂ ಗೊತ್ತು.
ಆದರೂ ಜಾಗಟೆ ಬಿದ್ದದ್ದೇ
ಮೂವತ್ತು ಬಾಯಲ್ಲಿ ಬೀಡಿ ಆರುತ್ತಿತ್ತು.

ಆಡುವ ಮಾತು ಯಾರಿಗೂ ತಿಳಿಯದು. ಬೇಕಾಗಿಯೂ ಇರಲಿಲ್ಲ.
ಅಲ್ಲಿ ಹೊಡೆಯುವವನಿಗೊಂದು ಮುಖವಿತ್ತು.
ಡೀಸೆಲ್ಲಿನ ದರಕ್ಕೆ ಇರಲಿಲ್ಲ.
ಬಂಗಡೆಯ ಹಿಂಡನ್ನು ಎತ್ತಲೋ ತಿರುಗಿಸಿದ ನೀರಿಗೆ ಇರಲಿಲ್ಲ.
ಮನೆ ಬಿಡಿ ಎಂದು ಅರಗಾದ ದೊಡ್ಡಮ್ಮನಿಗೆ ಬಂದ ಕಾಗದದಲ್ಲಿ
ಬರೀ ಮೊಹರು.
ಅವಳು ಅದನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದಳು,
ಹಿಂದೆ ಯಾರಾದರೂ ನಿಂತಿದ್ದಾರೋ ಎಂಬಂತೆ.
ಪರದೆಯಲ್ಲಿ ಹಾಗಲ್ಲ:
ಒಬ್ಬನೆದುರು ಒಬ್ಬ,
ಹೊಡೆಯುವ ಮೊದಲು ನಮಸ್ಕಾರ,
ಬೆನ್ನು ಬಾಗಬೇಕು, ಕಣ್ಣು ಬಾಗಬಾರದು.

ದೇವಗಡದ ದೀಪ ಕಡಲಲ್ಲಿ ಮಿನುಗುವಾಗ
ಪಂದ್ಯ ಅಲ್ಲೇ ನಡೆಯುವುದೆಂದು ನಮ್ಮ ನಂಬಿಕೆ.
ಬರ್ಫದ ಕಾರ್ಖಾನೆಯ ಪಾಗಾರದ ಮೇಲೆ
ಇದ್ದಲಿನಲ್ಲಿ ಹೆಸರು ಬರೆದು ಗೆರೆ ಎಳೆಯುತ್ತಿದ್ದೆವು:
ಪುರ್ಸು, ಮಿಂಗೇಲ, ನಾಗೂ, ಅವನ ತಮ್ಮ,
ಎಲ್ಲರಿಗಿಂತ ಕೆಳಗೆ ದತ್ತು ಹರಿಕಂತ್ರ.
ದತ್ತು ಯಾವಾಗಲೂ ಮೊದಲ ಸುತ್ತಿನಲ್ಲೇ ಬೀಳುವವ.
ಬಿದ್ದು, ಮರಳು ಕೊಡವಿ,
ಸೋತವನ ಹೆಸರನ್ನು ತಾನೇ ಅಳಿಸುತ್ತಿದ್ದ,
ಅಂಗೈಯಲ್ಲಿ, ಉಗುಳು ಹಚ್ಚಿ.
ಮರುದಿನ ಅದೇ ಕಪ್ಪು ಕಲೆಯ ಮೇಲೆ ಮತ್ತೆ ಬರೆಯುತ್ತಿದ್ದ.

ಈಗ ಹೇಳಬಹುದು.
ರಾತ್ರಿ ಎಲ್ಲರೂ ಹೋದ ಮೇಲೆ
ಚಿತ್ರ ಕಾಣುವ ಹಾಗೆಯೇ ಕ್ಯಾಸೆಟ್ಟು ಸುತ್ತುತ್ತಿದ್ದೆ.
ಹೆಡ್ಡು ಸವೆಯುತ್ತದೆ ಎಂದು ಮಾಮ ಬೈಯುತ್ತಿದ್ದ.
ಗೆದ್ದವನನ್ನು ನೋಡಲು ಅಲ್ಲ.
ಹಳದಿ ಸೊಂಟಪಟ್ಟಿಯ ಒಬ್ಬ ಕುಳ್ಳನಿದ್ದ,
ಹೆಸರಿಲ್ಲ, ಮಾತಿಲ್ಲ,
ಅವನಿಗೂ ಕಾಗದ ಬಂದಿತ್ತಲ್ಲ,
ಆ ಅಂಗಿಯನ್ನೂ ಯಾರೋ ಅಳತೆ ತೆಗೆದು ಹೊಲಿದಿದ್ದರಲ್ಲ,
ಅಷ್ಟು ದೂರ ಬಂದು
ಒಂದೇ ಒದೆ. ಮುಗಿಯಿತು.
ಸುತ್ತಿದರೆ
ಅವನೆದೆಯಿಂದ ಆ ಕಾಲು ಹಿಂದೆ ಸರಿಯುತ್ತಿತ್ತು,
ನೆಲವೇ ಅವನನ್ನು ಎತ್ತಿ ನಿಲ್ಲಿಸುತ್ತಿತ್ತು,
ತುಟಿಯ ರಕ್ತ ತುಟಿಗೆ.
ಬಾಗಿ, ಬೆನ್ನು ಹಿಂದಾಗಿ ನಡೆದು,
ದೋಣಿ ಹತ್ತಿ ಕೂರುತ್ತಿದ್ದ ಸುಖವಾಗಿ.
ಅಲ್ಲಿ ಒಂದು ಚಣ ನಿಲ್ಲಿಸಿ,
ಪರದೆ ನಡುಗುತ್ತಿದ್ದಂತೆ,
ಅವನ ಮುಖ ನೋಡಿ
ದೀಪ ಆರಿಸುತ್ತಿದ್ದೆ.

ಆಮೇಲೆ ತಟ್ಟೆಗಳು ಬಂದವು, ಸುತ್ತುವ ಕೆಲಸ ತಪ್ಪಿತು.
ಮಾಮನ ಕೋಣೆಯಲ್ಲಿ ಈಗ ಮೊಬೈಲು ರಿಪೇರಿ.
ಪಾಗಾರಕ್ಕೆ ಸುಣ್ಣ ಬಿದ್ದಿದೆ.

ನಾನು ಪೇಟೆಯಲ್ಲಿ ಮೀನು ಮಾರುತ್ತೇನೆ.
ದತ್ತು ರೈಲ್ವೆ ಗ್ಯಾಂಗಿನಲ್ಲಿದ್ದಾನೆ, ಹೊಟ್ಟೆ ಬಂದಿದೆ.
ಆದಿತ್ಯವಾರ ನನ್ನ ಬುಟ್ಟಿಯ ಎದುರು ನಿಂತು
ಮುಷ್ಟಿಯನ್ನು ಅಂಗೈಗೆ ಒತ್ತಿ ಬಾಗುತ್ತಾನೆ.
ನಾನೂ ಕತ್ತಿ ಕೆಳಗಿಟ್ಟು ಬಾಗುತ್ತೇನೆ.
ಪಕ್ಕದ ಸಾವಂತ್ರಿ ನಗುತ್ತಾಳೆ, ನಗಲಿ.
ಇನ್ನೂರಕ್ಕೆ ಎಂಟು, ಅನ್ನುತ್ತೇನೆ.
ಹನ್ನೆರಡು, ಅನ್ನುತ್ತಾನೆ.
ಕಣ್ಣು ಇಳಿಸದೆ ಇಬ್ಬರೂ ನಿಲ್ಲುತ್ತೇವೆ.
ಅವನು ಮೊದಲ ಸುತ್ತಿನಲ್ಲೇ ಬೀಳುತ್ತಾನೆ.
ಎಂಟು ಬಂಗಡೆ ಎಣಿಸಿ ಹಾಕಿ
ಒಂಬತ್ತನೆಯದನ್ನೂ ಚೀಲಕ್ಕೆ ತಳ್ಳುತ್ತೇನೆ.
ಇದು ಪಂದ್ಯದ ನಿಯಮದಲ್ಲಿಲ್ಲ.